ಸಹಾಯ ಬೇಕು: ಕಲಬುರಗಿ ಬಿಸಿಲು, ಆರು ಬಾಟಲಿ ಬಿಯರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಆರು ಬಾಟಲಿ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳ ಬಿಯರ್) ತಂದಿದ್ದೇನೆ. ಎರಡು ವೀಟ್ (ಗೋಧಿ ಬಿಯರ್), ಎರಡು ಐಪಿಎ (ಹಾಪ್ಸ್ ಹೂವು ಜಾಸ್ತಿ ಹಾಕಿದ ಕಹಿ ಬಿಯರ್), ಎರಡು ಸ್ಟೌಟ್ (ಹುರಿದ ಧಾನ್ಯದ ಕಪ್ಪು ಬಿಯರ್). ಟವೆಲ್ ಸುತ್ತಿ ತಂದೆ, ಒಂದೂ ಒಡೆದಿಲ್ಲ. ಮನೆಗೆ ಬಂದ ಮೇಲೆ ಎಡವಟ್ಟಾಯಿತು. ಮಾಳಿಗೆ ಮೇಲಿನ ಕೋಣೆಯಲ್ಲಿ ಬ್ಯಾಗ್ ಮರೆತೆ, ನಾಲ್ಕು ದಿನ! ನಮ್ಮ ಕಲಬುರಗಿ ಮೇ ತಿಂಗಳು ಗೊತ್ತಲ್ವಾ, 42 ಡಿಗ್ರಿ.

ಒಂದು ವೀಟ್ ತೆಗೆದು ನೋಡಿದೆ. ಬಾಳೆಹಣ್ಣು, ಲವಂಗದ ಪರಿಮಳ ಬರಬೇಕಿತ್ತು. ಬಂದದ್ದು ಒದ್ದೆ ರಟ್ಟಿನ ವಾಸನೆ. ಬಿಸಿಗೆ ಹಾಪ್ಸ್ ಪರಿಮಳವೂ ಬೇಗ ಹೋಗುತ್ತದೆ, ಹಾಗಾಗಿ ಐಪಿಎ ಮೇಲೆ ಆಸೆ ಕಮ್ಮಿ. ಸ್ಟೌಟ್ ತಡೆದುಕೊಂಡಿರಬಹುದಾ?

ಭಾನುವಾರ ಇಬ್ಬರು ಗೆಳೆಯರು ಬರುತ್ತಾರೆ. ಸಣ್ಣ ಗ್ಲಾಸಿನಲ್ಲಿ ಹಾಕಿಕೊಂಡು, ತಿಳಿ ಬಣ್ಣದ್ದರಿಂದ ಶುರು ಮಾಡಿ ಕಪ್ಪಿನವರೆಗೆ ಹೋಲಿಸಿ ನೋಡೋಣ ಅಂತ. ಫ್ರಿಜ್ಜಿನಿಂದ ಸ್ಟೌಟ್ ಎಷ್ಟು ಹೊತ್ತು ಮೊದಲು ತೆಗೆದಿಡಬೇಕು? 10-12 ಡಿಗ್ರಿ ಇದ್ದರೆ ರುಚಿ ಬಿಚ್ಚುತ್ತದೆ ಅಂತಾರೆ, ಇಲ್ಲಿ ಸ್ವಲ್ಪ ಬಿಟ್ಟರೆ ಚಹಾನೇ ಆಗುತ್ತದೆ.

ನಡುನಡುವೆ ಬಾಯಿ ತಿಳಿಯಾಗಲು ಬರೀ ಖಡಕ್ ರೊಟ್ಟಿ ಇಡುತ್ತೇನೆ. ಶೇಂಗಾ ಹಿಂಡಿ ಇಲ್ಲ ಅಂದರೆ ಜಗಳ ಗ್ಯಾರಂಟಿ. ಆದರೆ ಖಾರದ ಮೇಲೆ ಐಪಿಎ ಕಹಿ ಜಾಸ್ತಿ ಹತ್ತುತ್ತದೆ, ಏನು ಮಾಡಲಿ? ಅನುಭವ ಇದ್ದವರು ಶನಿವಾರದೊಳಗೆ ಹೇಳಿ.