ಸಹಾಯ ಬೇಕು: ನೌಕರಿಯ ನಡುವೆ ವೀಣಾಭ್ಯಾಸ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಯಜಮಾನರು ತೀರಿಕೊಂಡ ಮೇಲೆ ಮನೆಯ ಜವಾಬ್ದಾರಿಯೆಲ್ಲ ನನ್ನ ಮೇಲೆ ಬಿದ್ದು, ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೇನೆ. ಕೆಲಸದ ಬಗ್ಗೆ ದೂರಿಲ್ಲ. ತಿಂಗಳ ಸಂಬಳ ತಪ್ಪದೆ ಬರುತ್ತಿರುವುದೇ ಈಗ ದೊಡ್ಡ ಧೈರ್ಯ. ಆದರೆ ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗಿ ಬಂದು, ಅಡುಗೆ ಮುಗಿಸಿ, ಮಗನ ಪಾಠ ನೋಡುವಷ್ಟರಲ್ಲಿ ರಾತ್ರಿ ಹತ್ತಾಗಿರುತ್ತದೆ. ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕಾದ 11 ಮತ್ತು 20ನೇ ತಾರೀಕಿನ ಆಸುಪಾಸಿನಲ್ಲಂತೂ ಭಾನುವಾರವೂ ಕೈಗೆ ಸಿಗುವುದಿಲ್ಲ.

ಮದುವೆಗೆ ಮುಂಚಿನಿಂದಲೂ ನುಡಿಸುತ್ತಿದ್ದ ವೀಣೆ ಮೂಲೆ ಸೇರಿದೆ. ಅದರ 24 ಮೆಟ್ಟಿಲುಗಳನ್ನು (ತಂತಿಗಳ ಕೆಳಗಿನ ಲೋಹದ ಪಟ್ಟಿಗಳನ್ನು) ಹಿಡಿದಿಡುವ ಮೇಣ ಈ ಬೇಸಿಗೆಯ ಸೆಕೆಗೆ ಸಡಿಲಗೊಂಡು ಒಂದೆರಡು ಮೆಟ್ಟಿಲುಗಳು ವಾಲಿರುವುದರಿಂದ, ಹೊಸದಾಗಿ ಮೇಳ ಕಟ್ಟಿಸದೆ, ಅಂದರೆ ಮೇಣ ಹಾಕಿ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಮತ್ತೆ ಕೂರಿಸದೆ, ಶ್ರುತಿ ನಿಲ್ಲುವಂತಿಲ್ಲ. (ಈ ಸ್ಥಿತಿಯಲ್ಲಿ ವೀಣೆ ಬೇಕೇ ಎನ್ನುವ ಬಂಧುಗಳಿದ್ದಾರೆ, ಅವರಿಗೆ ಉತ್ತರ ಕೊಡುವ ಉತ್ಸಾಹ ನನಗಿಲ್ಲ.)

ಬಸವನಗುಡಿ, ಜಯನಗರದ ಸುತ್ತ ಮೇಳ ಕಟ್ಟುವವರು ಗೊತ್ತಿದ್ದರೆ ಅಂದಾಜು ವೆಚ್ಚದೊಡನೆ ದಯವಿಟ್ಟು ತಿಳಿಸಿ. ಉದ್ಯೋಗದಲ್ಲಿದ್ದುಕೊಂಡೇ ಅಭ್ಯಾಸ ಉಳಿಸಿಕೊಂಡಿರುವವರು ಬೆಳಗಿನ ಹೊತ್ತನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ, ಅಪಾರ್ಟ್‌ಮೆಂಟಿನ ನೆರೆಯವರಿಗೆ ತೊಂದರೆಯಾಗದಂತೆ ಏನು ಮಾಡುತ್ತೀರಿ ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ.