ಅಪ್‌ಡೇಟ್: ಮಕ್ಕಳ ಜೊತೆ ಮಿಷನ್ ತರಬೇತಿಗೆ ಹೋಗಿ ಬಂದೆವು

ಹವಾಯಿಯ ಕೋನಾದಲ್ಲಿ ಯೂತ್ ವಿತ್ ಎ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯ ಶಿಷ್ಯತ್ವ ತರಬೇತಿಗೆ (ಕ್ರಿಸ್ತನ ಶಿಷ್ಯರಾಗಿ ಬಾಳಲು ಕಲಿಸುವ ತರಬೇತಿ) ಮಕ್ಕಳನ್ನೂ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೆ. ಹೋಗಿ ಬಂದೆವು. 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಶುರುಮಾಡಿದ ಸಂಸ್ಥೆ ಇದು. ಮೊದಲು ಸುಮಾರು 3 ತಿಂಗಳು ಪಾಠ, ಆಮೇಲೆ ಔಟ್‌ರೀಚ್, ಅಂದರೆ ಬೇರೆ ಊರಿಗೆ ಹೋಗಿ ಜನರ ನಡುವೆ ಸೇವೆ ಮಾಡುವುದು. ಪಾಠದ ದಿನಗಳು ಮಕ್ಕಳಿಗೆ ಸಲೀಸಾಗಿ ಕಳೆದವು.

ಔಟ್‌ರೀಚ್‌ಗೆ ಫಿಲಿಪೈನ್ಸ್‌ಗೆ ಹೋದಾಗ ಕಷ್ಟ ಜಾಸ್ತಿ ಆಯಿತು. ಸೆಕೆ, ಸೊಳ್ಳೆ, ಹೊಸ ಊಟ. ಚಿಕ್ಕವನು ಅನ್ನ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಆದರೆ ಅಲ್ಲಿಯವರ ಜೊತೆ ಮೊದಲು ಬೆರೆತವಳು ಮಗಳೇ! ಚಪ್ಪಲಿ ಎಸೆದು ಡಬ್ಬ ಬೀಳಿಸುವ ತುಂಬಾಂಗ್ ಪ್ರೇಸೋ ಆಟಕ್ಕೆ ಭಾಷೆ ಯಾಕೆ ಬೇಕು, ಅಲ್ವಾ? ಅವಳಿಂದಲೇ ಆ ಮಕ್ಕಳ ಅಮ್ಮಂದಿರು ನಮ್ಮನ್ನು ಮನೆಗೆ ಕರೆದರು.

ಹೋಗುವವರಿಗೆ ಒಂದು ಮಾತು: ಎಷ್ಟೇ ಸೇವೆ ಇದ್ದರೂ ಸಂಜೆ ಹೊತ್ತು ಸ್ವಲ್ಪ ನಿಮ್ಮ ಮಕ್ಕಳಿಗೇ ಇಡಿ. ಶಾಲೆಯ ಬಗ್ಗೆ ಕೇಳಿದವರಿಗೆ, ಗಣಿತ ಮಾತ್ರ ಹಿಂದೆ ಬಿದ್ದಿದೆ, ಈಗ ಮನೆಯಲ್ಲೇ ಹೇಳಿಕೊಡುತ್ತಿದ್ದೇವೆ.