ಹಳೇ ಆಂಪ್‌ಗೆ ರಿಮೋಟ್ ಕೋಡ್ ಸಿಕ್ತು, ಕಳಿಸಿದ್ರೆ ಕೆಲಸ ಮಾಡ್ತಿಲ್ಲ

ನಾಪೋಕ್ಲು ಹುಡುಗ:
ಎಲ್ರಿಗೂ ನಮಸ್ಕಾರ. ಅಪ್ಪನದ್ದೊಂದು ಹಳೇ ಯಮಾಹಾ ಆಂಪ್ಲಿಫೈಯರ್ ಇದೆ, ಸೌಂಡ್ ಇವತ್ತಿಗೂ ಬೊಂಬಾಟ್, ಆದ್ರೆ ಈ ಮಳೆಗಾಲದಲ್ಲಿ ರಿಮೋಟ್ ಹೋಯ್ತು. ಸೆಲ್ ಲೀಕಾಗಿ ಒಳಗೆಲ್ಲ ಹಸಿರು ಹಿಡಿದಿತ್ತು, ತೊಳೆದಿಟ್ಟಿದ್ದೆ, ಅಜ್ಜಿ ಬೇಗ ಒಣಗ್ಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕಿದ್ರು, ಬಟನ್ ರಬ್ಬರ್ ಸೊಟ್ಟಗಾಗಿ ಅಲ್ಲಿಗೆ ಅದರ ಕತೆ ಮುಗೀತು 😅 ಸರಿ ಅಂತ ಆರ್ಡುಯಿನೋ (ಪ್ರೋಗ್ರಾಂ ಮಾಡೋ ಪುಟ್ಟ ಬೋರ್ಡು) ಒಂದಕ್ಕೆ ಐಆರ್ ಎಲ್‌ಇಡಿ, ಅಂದ್ರೆ ರಿಮೋಟ್ ತುದೀಲಿರೋ ಕಣ್ಣಿಗೆ ಕಾಣದ ಬೆಳಕಿನ ದೀಪ, ಹಾಕ್ದೆ. ಲಿನಕ್ಸ್‌ಗೆ ಅಂತ ಹಿಂದೆ ಯಾರೋ ಮಾಡಿಟ್ಟ ಕೋಡ್ ಪಟ್ಟಿ ಸಿಕ್ತು. ಹೆಕ್ಸ್ ಇದ್ದಿದ್ದನ್ನ ಡೆಸಿಮಲ್ ಮಾಡಿದ್ರೆ ಮೊದಲು 94, 161, ಆಮೇಲೆ ವಾಲ್ಯೂಮ್ ಜಾಸ್ತಿಗೆ 88, ಕಮ್ಮಿಗೆ 216, ಮ್ಯೂಟ್‌ಗೆ 56. ಅಡ್ರೆಸ್ (ಯಾವ ಸೆಟ್ಟು) 94, ಕಮಾಂಡ್ (ಯಾವ ಬಟನ್) 88 ಅಂತ ಸಿಗ್ನಲ್ ಕಳಿಸೋ ಐಆರ್‌ರಿಮೋಟ್ ಲೈಬ್ರರಿಗೆ (ರೆಡಿಮೇಡ್ ಕೋಡ್) ಕೊಟ್ಟೆ. ಮೊಬೈಲ್ ಕ್ಯಾಮೆರಾದಲ್ಲಿ ಎಲ್‌ಇಡಿ ನೇರಳೆ ಬಣ್ಣದಲ್ಲಿ ಮಿನುಗೋದು ಕಾಣ್ತಿದೆ, ಆಂಪ್ ಮಾತ್ರ ಕಲ್ಲು ಕೂತಂಗೆ ಕೂತಿದೆ. ಎರಡು ರಾತ್ರಿ ಹೋಯ್ತು ಇದ್ರಲ್ಲೇ.

ತೋಟದ ಮೂಲೆ:
ಕ್ಯಾಮೆರಾದಲ್ಲಿ ಕಂಡ್ರೆ ಎಲ್‌ಇಡಿ ಉರೀತಿದೆ ಅಂತ ಅಷ್ಟೇ, ಏನು ಹೇಳ್ತಿದೆ ಅಂತ ಗೊತ್ತಾಗಲ್ಲ. ಎಲ್‌ಇಡಿನ ನೇರವಾಗಿ ಪಿನ್ನಿಗೆ ಕೊಟ್ಟಿದ್ದೀರಾ? ಹಾಗಿದ್ರೆ ದೂರ ಹೋಗಲ್ಲ, ಮಧ್ಯ ಒಂದು ಟ್ರಾನ್ಸಿಸ್ಟರ್ ಹಾಕಿ. ಮೊದಲು ಆಂಪ್ ಹತ್ರಾನೇ ಹಿಡಿದು ನೋಡಿ.

ನಾಪೋಕ್ಲು ಹುಡುಗ:
ಒಂದು ಗೇಣು ದೂರದಲ್ಲಿ ಹಿಡಿದೆ ಅಣ್ಣ, ಆದ್ರೂ ಇಲ್ಲ.

ಗೋಣಿಕೊಪ್ಪ ಬೆಸುಗೆ:
ತಮ್ಮಾ, ವೈರಿಂಗ್ ಬಿಡು, ನಿನ್ನ ನಂಬರ್‌ಗಳೇ ಉಲ್ಟಾ. ಇದು ಎನ್‌ಇಸಿ ಪ್ರೋಟೋಕಾಲ್ (ರಿಮೋಟ್ ಮಾತಾಡೋ ಒಂದು ಪದ್ಧತಿ), 38 ಕಿಲೋಹರ್ಟ್ಸ್ (ಎಲ್‌ಇಡಿ ಮಿನುಗೋ ವೇಗ), ಒಟ್ಟು 32 ಬಿಟ್. ಅಡ್ರೆಸ್ 8 ಬಿಟ್, ಅದರ ತಲೆಕೆಳಗು (0 ಇದ್ದಲ್ಲಿ 1, 1 ಇದ್ದಲ್ಲಿ 0) 8, ಕಮಾಂಡ್ 8, ಅದರ ತಲೆಕೆಳಗು 8 (94ಕ್ಕೆ 161 ಕೂಡು, 255 ಬರುತ್ತೆ, ಅದಕ್ಕೇ ಅವೆರಡೂ ಜೊತೇಲಿ ಇರೋದು). ಎನ್‌ಇಸಿಲಿ ಚಿಕ್ಕ ಬಿಟ್ (ಬಲತುದಿಯದ್ದು, ಬೆಲೆ ಕಮ್ಮಿ ಇರೋದು) ಮೊದಲು ಹೋಗುತ್ತೆ. ಹಳೇ ಪಟ್ಟಿ ಮಾಡಿದವ್ರು ಬಂದ ಬಿಟ್‌ಗಳನ್ನ ಬಂದ ಹಾಗೇ ಎಡದಿಂದ ಬರ್ಕೊಂಡಿದ್ದಾರೆ, ಅಂದ್ರೆ ಮೊದಲು ಬಂದಿದ್ದು ದೊಡ್ಡದಾಗಿ ಕೂತಿದೆ. ಹೊಸ ಲೈಬ್ರರಿ ಅದನ್ನ ಅಡ್ರೆಸ್ ಅಂದ್ಕೊಂಡು ಮತ್ತೆ ಚಿಕ್ಕ ಬಿಟ್‌ನಿಂದ ಕಳಿಸುತ್ತೆ. ಹಂಗಾಗಿ ಆಂಪ್‌ಗೆ ಸಿಗೋದು ಬೇರೆ ಯಾರದ್ದೋ ಅಡ್ರೆಸ್, ಅದು ಸುಮ್ನಿರೋದೇ ಸರಿ.

94 ಅಂದ್ರೆ 01011110. ಕೊನೆಯಿಂದ ಓದು, 01111010, ಅಂದ್ರೆ 122. ಕಮಾಂಡ್‌ಗಳನ್ನೂ ಹೀಗೇ ತಿರುಗ್ಸು: 88 ಹೋಗಿ 26, 216 ಹೋಗಿ 27, 56 ಹೋಗಿ 28. ನೋಡ್ದಾ, 88, 216, 56 ಅಂತ ಚೆಲ್ಲಾಪಿಲ್ಲಿ ಇದ್ದಿದ್ದು 26, 27, 28 ಅಂತ ಸಾಲಾಗಿ ಬಂತು. ಅಕ್ಕಪಕ್ಕದ ಬಟನ್‌ಗಳಿಗೆ ಅಕ್ಕಪಕ್ಕದ ನಂಬರ್ ಕೊಡೋದು ಕಂಪನಿಯವ್ರ ಅಭ್ಯಾಸ, ನಾನು ಯಾವ ಪಟ್ಟಿ ಸಿಕ್ಕಿದ್ರೂ ಮೊದಲು ಇದನ್ನೇ ನೋಡೋದು.

ಇಲ್ಲಾಂದ್ರೆ ಪೂರ್ತಿ 32 ಬಿಟ್‌ನ ಹಳೇ ರೀತೀಲೇ ಕಳಿಸೋ ಫಂಕ್ಷನ್ ಲೈಬ್ರರೀಲೇ ಇದೆ. ಆರ್ಡುಯಿನೋ ಐಆರ್‌ರಿಮೋಟ್ 2021ರಲ್ಲಿ 3ನೇ ವರ್ಷನ್‌ಗೆ ಹೋದಾಗ ಈ ಕ್ರಮ ಬದಲಾಗಿದ್ದು, ಅದಕ್ಕೇ ಹಳೇ ಉದಾಹರಣೆ ನಕಲು ಮಾಡಿದವ್ರೆಲ್ಲ ಇಲ್ಲೇ ಬೀಳ್ತಾರೆ. ನಾನೂ ಬಿದ್ದಿದ್ದೆ.

ನಾಪೋಕ್ಲು ಹುಡುಗ:
ಅಣ್ಣಾ ಬಂತು!!! 122, 26 ಹಾಕಿದ ಕೂಡ್ಲೇ ವಾಲ್ಯೂಮ್ ನಾಬ್ ತಾನೇ ತಿರುಗ್ತು, ಅಜ್ಜಿ ಹೆದರಿಬಿಟ್ರು. ಒಂದೇ ಡೌಟು, ಬಟನ್ ಒತ್ತಿ ಹಿಡಿದ್ರೆ ಒಂದು ಚೂರು ಏರಿ ನಿಂತುಬಿಡುತ್ತೆ.

ಗೋಣಿಕೊಪ್ಪ ಬೆಸುಗೆ:
ಒತ್ತಿ ಹಿಡಿದಾಗ ಒರಿಜಿನಲ್ ರಿಮೋಟ್ ಕೋಡ್‌ನ ಮತ್ತೆ ಹೇಳಲ್ಲ, 108 ಮಿಲಿಸೆಕೆಂಡ್‌ಗೊಂದ್ಸಲ "ಇನ್ನೂ ಒತ್ತಿದ್ದೀನಿ" ಅಂತ ಚಿಕ್ಕ ಸಿಗ್ನಲ್ ಕೊಡುತ್ತೆ: 9 ಮಿಲಿಸೆಕೆಂಡ್ ಆನ್, 2.25 ಆಫ್, ಕೊನೇಲಿ ಒಂದು ಸಣ್ಣ ಮಿನುಗು. ಕಳಿಸೋವಾಗ ರಿಪೀಟ್ ಎಷ್ಟು ಅಂತ ಕೇಳುತ್ತಲ್ಲ, ಅಲ್ಲಿ 0 ಇದ್ರೆ ಬದಲಾಯ್ಸು. ಮ್ಯೂಟ್‌ಗೆ ಮಾತ್ರ ಪೂರ್ತಿ ಕೋಡ್‌ನ ಲೂಪ್‌ನಲ್ಲಿ ಹಾಕ್ಬೇಡ, ಸದ್ದು ಹೋಗೋದು ಬರೋದು ಆಗ್ತಾ ಇರುತ್ತೆ.

ಕುಶಾಲನಗರ ಕ್ಯಾಸೆಟ್:
ಮಧ್ಯ ಬಾಯಿ ಹಾಕ್ತಿದ್ದೀನಿ. ನನ್ನ ಹತ್ರ ಪ್ರೊಂಟೋ ಕೋಡ್ (ರಿಮೋಟ್ ಸಿಗ್ನಲ್ ಬರೆದಿಡೋ ಇನ್ನೊಂದು ರೀತಿ) ಇದೆ, 0000 0073 ಅಂತ ಶುರುವಾಗುತ್ತೆ, ಇದನ್ನೂ ಉಲ್ಟಾ ಮಾಡ್ಬೇಕಾ?

ಗೋಣಿಕೊಪ್ಪ ಬೆಸುಗೆ:
ಬೇಡ ಸರ್, ಪ್ರೊಂಟೋಲಿ ಬಿಟ್ ಅಲ್ಲ, ಎಲ್‌ಇಡಿ ಎಷ್ಟು ಹೊತ್ತು ಉರೀಬೇಕು ಎಷ್ಟು ಹೊತ್ತು ಆರ್ಬೇಕು ಅನ್ನೋದೇ ಇರುತ್ತೆ. 0073 ಹೆಕ್ಸ್ ಅಂದ್ರೆ 115, ಅದನ್ನ 0.241246ರಿಂದ ಗುಣಿಸಿ, ಒಂದು ಮಿನುಗಿಗೆ ಸುಮಾರು 27.7 ಮೈಕ್ರೋಸೆಕೆಂಡ್, ಅಂದ್ರೆ 36 ಕಿಲೋಹರ್ಟ್ಸ್. ಹಾಗಾಗಿ ನಿಮ್ಮದು ಫಿಲಿಪ್ಸ್‌ನವ್ರ ಆರ್‌ಸಿ5 ಪ್ರೋಟೋಕಾಲ್ ಇರಬಹುದು, ಅದು 36ರಲ್ಲೇ ಹೋಗೋದು. ಅದಾಗಿದ್ರೆ ಅದ್ರಲ್ಲಿ ಟಾಗಲ್ ಬಿಟ್ ಅಂತ ಒಂದಿರುತ್ತೆ, ಪ್ರತಿ ಸಲ ಒತ್ತಿದಾಗ್ಲೂ ಬದಲಾಗ್ಬೇಕು, ಇಲ್ಲಾಂದ್ರೆ ಎರಡನೇ ಸಲ ಒತ್ತಿದ್ದನ್ನ ಸೆಟ್ಟು ಒತ್ತಿ ಹಿಡ್ಕೊಂಡಿದ್ದಾರೆ ಅಂತ ತಿಳ್ಕೊಳ್ಳುತ್ತೆ. ಪ್ರೊಂಟೋಲಿ ಅದು ಒಂದೇ ಸ್ಥಿತೀಲಿ ಅಚ್ಚಾಗಿರುತ್ತೆ. ಪೂರ್ತಿ ಸಾಲು ಹಾಕಿ ನೋಡೋಣ.

ನಾಪೋಕ್ಲು ಹುಡುಗ:
ರಿಪೀಟ್ ಬದಲಾಯಿಸ್ದೆ, ಅಪ್ಲೋಡ್ ಆಗೋ ಹೊತ್ತಿಗೆ ಕರೆಂಟ್ ಹೋಯ್ತು. ಲ್ಯಾಪ್‌ಟಾಪ್ ಬ್ಯಾಟರಿ ಇದೆ, ಆಂಪ್‌ಗೆ ಇಲ್ವಲ್ಲ. ಗಾಳಿ ಜೋರಿದೆ, ಲೈನ್ ಮೇಲೆ ಮರ ಬಿದ್ದಿದ್ರೆ ನಾಳೆಗೇ.